ಅಪ್ಪ ಊಟ ಬಿಟ್ಟಿದ್ದು ಹಠದಿಂದಲ್ಲ

‘ಇನ್ನೊಂದು ತುತ್ತು ನುಂಗಪ್ಪ. ಮನಸ್ಸು ಮಾಡಿದ್ರೆ ಆಗುತ್ತೆ. ಸುಮ್ನೆ ಹಠ ಮಾಡ್ಬೇಡ...’

ಅಪ್ಪನನ್ನು ನಾನು ಹೀಗೆ ಗದರಿದ್ದು ಒಂದೆರಡು ಸಲವಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿದಿರುತ್ತಿತ್ತು. ‘ಒಳಗೆ ಇಳೀತಿಲ್ಲ ಕಣವ್ವ’ ಎನ್ನುತ್ತಾ ಅಪ್ಪ ಕೈ ತೊಳೆಯಲು ಏಳುತ್ತಿದ್ದರು. ಅಮ್ಮ ಮತ್ತೆ ಒಲೆ ಹಚ್ಚಿ ಗಂಜಿ ಕಾಯಿಸುತ್ತಿದ್ದರು. ಅದೂ ಲೋಟದಲ್ಲೇ ಉಳಿದರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಮ್ಮನ ಕಣ್ಣೀರು ನೋಡಿ ನನಗೆ ಅಪ್ಪನ ಮೇಲೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಮ್ಮದು ತಿಪಟೂರು ಕಡೆಯ ಹಳ್ಳಿ. ಅಪ್ಪ ತೆಂಗು ಬೆಳೆಗಾರ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಗೊತ್ತಾದಾಗ ಅವರ ತೂಕ 64 ಕೆ.ಜಿ. ಇತ್ತು. ಐದು ತಿಂಗಳಲ್ಲಿ ಅದು 53ಕ್ಕೆ ಇಳಿಯಿತು. ಮಣಿಕಟ್ಟಿನಲ್ಲಿ ಬಿಗಿಯಾಗಿ ಕೂರುತ್ತಿದ್ದ ವಾಚು ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿತ್ತು. ನೋಡಲು ಬಂದವರೆಲ್ಲ ‘ಚೆನ್ನಾಗಿ ತಿನ್ನಿಸಿ, ಸರಿ ಹೋಗ್ತಾರೆ’ ಎಂದು ಹೇಳಿ ಹೋಗುತ್ತಿದ್ದರು. ತಿನ್ನುತ್ತಿಲ್ಲ, ಅದಕ್ಕೇ ಸೊರಗುತ್ತಿದ್ದಾರೆ. ಇಷ್ಟೇ ನಮಗೆ ಗೊತ್ತಿದ್ದ ಲೆಕ್ಕ.

ಆ ಲೆಕ್ಕವೇ ತಪ್ಪು ಎಂದು ನನಗೆ ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ, ಬಿ.ಎಸ್ಸಿ. ಎರಡನೇ ವರ್ಷದ ಸೆಮಿನಾರ್‌ಗೆ ಓದುವಾಗ. ಅಪ್ಪನಿಗೆ ಆಗಿದ್ದಕ್ಕೆ ಒಂದು ಹೆಸರಿತ್ತು: ಕ್ಯಾಕೆಕ್ಸಿಯಾ. ಗ್ರೀಕ್ ಮೂಲದ ಈ ಪದಕ್ಕೆ ‘ಕೆಟ್ಟ ಸ್ಥಿತಿ’ ಎಂದರ್ಥ. 2011ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಇದಕ್ಕೊಂದು ವ್ಯಾಖ್ಯಾನ ಕೊಟ್ಟರು. ದೇಹದ ಮಾಂಸಖಂಡ ಒಂದೇ ಸಮನೆ ಕರಗುತ್ತಾ ಹೋಗುತ್ತದೆ, ಬರೀ ಊಟ ಹೆಚ್ಚಿಸಿ ಅದನ್ನು ಪೂರ್ತಿಯಾಗಿ ಸರಿಪಡಿಸಲು ಆಗುವುದಿಲ್ಲ ಎಂಬುದು ಅದರ ತಿರುಳು. ಆ ಸಾಲು ಓದಿ ನಾನು ಲೈಬ್ರರಿಯಲ್ಲಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಉಪವಾಸಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಊಟ ಸಿಗದಿದ್ದಾಗ ಆರೋಗ್ಯವಂತ ದೇಹ ಖರ್ಚು ಕಡಿಮೆ ಮಾಡುತ್ತದೆ. ಮುಖ್ಯವಾಗಿ ಕೊಬ್ಬನ್ನು ಬಳಸಿಕೊಂಡು, ಮಾಂಸಖಂಡವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಮತ್ತೆ ಊಟ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಕ್ಯಾಕೆಕ್ಸಿಯಾದಲ್ಲಿ ಈ ಉಳಿತಾಯವೇ ಕೆಟ್ಟುಹೋಗುತ್ತದೆ. ಗಡ್ಡೆಯಿಂದಲೂ ಅದರ ವಿರುದ್ಧ ಕಾದಾಡುವ ನಮ್ಮದೇ ರೋಗನಿರೋಧಕ ವ್ಯವಸ್ಥೆಯಿಂದಲೂ ಹೊರಡುವ ರಾಸಾಯನಿಕ ಸಂದೇಶಗಳು ಮಾಂಸಖಂಡಕ್ಕೆ ‘ಕರಗು’ ಎನ್ನುತ್ತವೆ, ಮಿದುಳಿಗೆ ‘ಹಸಿವಿಲ್ಲ’ ಎನ್ನುತ್ತವೆ. ಅಂದರೆ ಅಪ್ಪನ ತಟ್ಟೆಯಲ್ಲಿ ಮುದ್ದೆ ಉಳಿಯುತ್ತಿದ್ದುದೂ ಕಾಯಿಲೆಯ ಒಂದು ಭಾಗವೇ. ನಾನು ಅದನ್ನು ಹಠ ಎಂದುಕೊಂಡಿದ್ದೆ.

ವಿಜ್ಞಾನಿಗಳು ಈ ಸಂದೇಶಗಳ ಬೆನ್ನು ಹತ್ತಿ ದಶಕಗಳೇ ಆಗಿವೆ. 1985ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಬ್ಯೂಟ್ಲರ್, ಆಂಥೊನಿ ಸೆರಾಮಿ ಮತ್ತು ಸಂಗಡಿಗರು ‘ಕ್ಯಾಕೆಕ್ಟಿನ್’ ಎಂಬ ಪ್ರೋಟೀನೂ ಟಿಎನ್‌ಎಫ್ ಎಂಬ ಪ್ರೋಟೀನೂ ಒಂದೇ ಎಂದು ತೋರಿಸಿದರು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡರೆ, ಮುಂದೆ ಅದನ್ನು ತಡೆಯುವ ಔಷಧಗಳು ರೋಗಿಗಳಲ್ಲಿ ಫಲ ಕೊಡಲಿಲ್ಲ. ಕಳ್ಳ ಒಬ್ಬನೇ ಅಲ್ಲ ಎಂಬುದು ಗೊತ್ತಾಯಿತು. 2017ರಲ್ಲಿ ಜಿಡಿಎಫ್–15 ಎಂಬ ಇನ್ನೊಂದು ಸಂದೇಶವಾಹಕ ಮಿದುಳಿನ ಬುಡದಲ್ಲಿ ಯಾವ ಬಾಗಿಲು ತಟ್ಟುತ್ತದೆ ಎಂಬುದನ್ನು ನಾಲ್ಕು ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು. ಅದನ್ನು ಹಿಡಿದು ನಿಲ್ಲಿಸುವ ಪಾನ್ಸೆಗ್ರೊಮ್ಯಾಬ್ ಎಂಬ ಚುಚ್ಚುಮದ್ದನ್ನು ಶ್ವಾಸಕೋಶ, ಮೇದೋಜೀರಕ ಗ್ರಂಥಿ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 187 ಮಂದಿಯಲ್ಲಿ ಪರೀಕ್ಷಿಸಿ, 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನ ಡೋಸ್ ಪಡೆದವರ ತೂಕ 12 ವಾರಗಳಲ್ಲಿ ಹುಸಿ ಔಷಧ ಪಡೆದವರಿಗಿಂತ 2.81 ಕೆ.ಜಿ. ಹೆಚ್ಚಿತ್ತು.

ನನಗೆ ಇದಕ್ಕಿಂತ ಹತ್ತಿರ ಎನಿಸಿದ್ದು ಪುದುಚೇರಿಯ ಜಿಪ್ಮರ್ ಆಸ್ಪತ್ರೆಯ ಸಂಶೋಧನೆ. ಅಲ್ಲಿನ ವೈದ್ಯರು ಹೊಸ ಔಷಧ ಹುಡುಕಲಿಲ್ಲ. ಮಾನಸಿಕ ಕಾಯಿಲೆಗಳಿಗೆ ಬಹಳ ಕಾಲದಿಂದ ಬಳಸುತ್ತಿರುವ ಒಲಾಂಜಪೈನ್ ಮಾತ್ರೆಯನ್ನು ದಿನಕ್ಕೆ 2.5 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದಲ್ಲಿ, ಕಿಮೊಥೆರಪಿ ಜೊತೆಗೆ 12 ವಾರ ಕೊಟ್ಟು ನೋಡಿದರು. ಮಾತ್ರೆ ಪಡೆದವರಲ್ಲಿ ಶೇ 60ರಷ್ಟು ಮಂದಿಯ ತೂಕ ಶೇ 5ಕ್ಕಿಂತ ಹೆಚ್ಚು ಏರಿತು. ಹುಸಿ ಮಾತ್ರೆ ಪಡೆದವರಲ್ಲಿ ಹೀಗೆ ಏರಿದ್ದು ಶೇ 9 ಮಂದಿಗೆ ಮಾತ್ರ. 2023ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಲದ ಮೇಲೆ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ತನ್ನ ಮಾರ್ಗಸೂಚಿಯನ್ನೇ ಬದಲಿಸಿಕೊಂಡಿತು. ನಮ್ಮದೇ ದೇಶದ ಸರ್ಕಾರಿ ಆಸ್ಪತ್ರೆ, ಅಗ್ಗದ ಹಳೆಯ ಮಾತ್ರೆ! ಹಾಗೆಂದು ಯಾರೂ ಅಂಗಡಿಗೆ ಹೋಗಿ ತಂದು ನುಂಗಬೇಡಿ. ಅದನ್ನು ಕೊಡಬೇಕೋ ಬೇಡವೋ ಎಂದು ವೈದ್ಯರೇ ಹೇಳಬೇಕು.

‘ಗಡ್ಡೆಯೇ ಕರಗದ ಮೇಲೆ ತೂಕ ಕಟ್ಟಿಕೊಂಡು ಏನು ಮಾಡೋದು?’ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ತೂಕ ಏರಿದ ಮಾತ್ರಕ್ಕೆ ಆಯುಸ್ಸು ಏರುತ್ತದೆ ಎನ್ನಲಾಗದು. ಆದರೆ ದೇಹ ಸೊರಗಿದರೆ ಕಿಮೊ ತಡೆದುಕೊಳ್ಳುವುದು ಕಷ್ಟ. ಡೋಸ್ ಇಳಿಸಬೇಕಾಗುತ್ತದೆ, ಇಲ್ಲವೇ ಮುಂದೂಡಬೇಕಾಗುತ್ತದೆ. ಅದೂ ಇರಲಿ. ಕೊನೆಯ ತಿಂಗಳು ಅಪ್ಪನಿಗೆ ನೋವಿಗಿಂತ ಹೆಚ್ಚು ಸಂಕಟ ಕೊಟ್ಟಿದ್ದು ಬಚ್ಚಲಿಗೆ ಹೋಗಲು ಮಗಳ ಹೆಗಲು ಹಿಡಿಯಬೇಕಾದದ್ದು. ತೊಡೆಯಲ್ಲಿ ಇನ್ನೊಂದಿಷ್ಟು ಶಕ್ತಿ ಉಳಿದಿದ್ದರೆ ಆ ಹತ್ತು ಹೆಜ್ಜೆಯನ್ನು ಅವರೇ ನಡೆಯುತ್ತಿದ್ದರು. ನನ್ನ ಪ್ರಕಾರ ಅದು ಸಣ್ಣ ವಿಷಯವಲ್ಲ. ಹೊಸ ಔಷಧದ ಪರೀಕ್ಷೆಗಳಲ್ಲಿ ಕೆ.ಜಿ. ಎಷ್ಟು ಏರಿತು ಎನ್ನುವುದರ ಜೊತೆಗೆ, ರೋಗಿ ಎದ್ದು ನಡೆದರೇ ಎನ್ನುವುದಕ್ಕೂ ಅಷ್ಟೇ ಬೆಲೆ ಸಿಗಬೇಕು.

ಔಷಧ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ತಜ್ಞರ ಆ ವ್ಯಾಖ್ಯಾನದ ಪ್ರಕಾರ, ಆರು ತಿಂಗಳಲ್ಲಿ ತಾನಾಗಿಯೇ ತೂಕ ಶೇ 5ಕ್ಕಿಂತ ಹೆಚ್ಚು ಇಳಿದರೆ ಅದು ಕ್ಯಾಕೆಕ್ಸಿಯಾ. ಮೊದಲೇ ತೆಳ್ಳಗಿದ್ದು ಬಿಎಂಐ 20ಕ್ಕಿಂತ ಕಡಿಮೆ ಇರುವವರಿಗಾದರೆ ಶೇ 2ಕ್ಕಿಂತ ಹೆಚ್ಚು ಇಳಿದರೂ ಸಾಕು. 50 ಕೆ.ಜಿ. ತೂಗುವ ನಮ್ಮೂರಿನ ಕೂಲಿಯಾಳಿಗೆ ಅದು ಬರೀ ಒಂದು ಕೆ.ಜಿ. ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಯಲ್ಲಷ್ಟೇ ಕಾಣುತ್ತದೆ.

ಅಪ್ಪ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಒಯ್ದಾಗ ಅರ್ಧ ಕೆ.ಜಿ. ವ್ಯತ್ಯಾಸ ಬಂದರೂ ಮತ್ತೆ ತೂಗಿಸುತ್ತಿದ್ದರು. ಅವರ ಚಿಕಿತ್ಸೆಯ ದಪ್ಪ ಫೈಲನ್ನು ನಾನು ಈಚೆಗೆ ತೆಗೆದು ನೋಡಿದೆ. ಸ್ಕ್ಯಾನ್ ವರದಿಗಳಿವೆ, ರಕ್ತಪರೀಕ್ಷೆಗಳಿವೆ, ಬಿಲ್ಲುಗಳಿವೆ. ಆ ಐದು ತಿಂಗಳಲ್ಲಿ ಅವರ ತೂಕ ಬರೆದಿದ್ದು ಎರಡೇ ಕಡೆ. ಆಸ್ಪತ್ರೆಯವರು ಪ್ರತಿ ಭೇಟಿಯಲ್ಲೂ ತೂಕ ಬರೆಯಬೇಕಿತ್ತು, ಇಳಿದದ್ದನ್ನು ಕಂಡು ಆಹಾರತಜ್ಞರ ಹತ್ತಿರ ಕಳಿಸಬೇಕಿತ್ತು. ನಾವಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಇದನ್ನು ಓದುತ್ತಿರುವ ನನ್ನ ವಯಸ್ಸಿನವರಲ್ಲಿ ಒಂದು ಮನವಿ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇದ್ದರೆ, ಆಸ್ಪತ್ರೆಯ ಫೈಲು ಹಿಡಿದು ಓಡಾಡುವವರು ಹೆಚ್ಚಾಗಿ ನಾವೇ. ವಾರಕ್ಕೊಮ್ಮೆ ಅವರ ತೂಕ ನೋಡಿ ಅದೇ ಫೈಲಿನ ಮೇಲೆ ಬರೆಯಿರಿ. ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಿ, ‘ಇದಕ್ಕೆ ಏನು ಮಾಡಬಹುದು ಸರ್?’ ಎಂದು ಕೇಳಿ. ಸ್ವಲ್ಪ ಸ್ವಲ್ಪವೇ, ಅವರಿಗೆ ಹಿಡಿಸಿದ್ದನ್ನು, ಹಿಡಿಸಿದ ಹೊತ್ತಿಗೆ ಕೊಡಿ. ಬೇಡ ಎಂದರೆ ಬೈಯಬೇಡಿ.

‘ನಾನು ಸರಿಯಾಗಿ ಮಾಡಿ ಹಾಕಲಿಲ್ಲವೇನೋ, ಅದಕ್ಕೇ ಅವರು ಉಣ್ಣಲಿಲ್ಲ’ ಎಂದು ಅಮ್ಮ ಈಗಲೂ ಒಮ್ಮೊಮ್ಮೆ ಅನ್ನುತ್ತಾರೆ. ಸೆಮಿನಾರ್ ಮುಗಿಸಿ ಊರಿಗೆ ಹೋದ ದಿನ ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ನಮ್ಮ ಮಾತಿನಲ್ಲೇ ಬಿಡಿಸಿ ಹೇಳಿದೆ. ತಪ್ಪು ನಿನ್ನ ಮುದ್ದೆಯದಲ್ಲಮ್ಮ, ಅಪ್ಪನದೂ ಅಲ್ಲ ಎಂದೆ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇದನ್ನ ಯಾರಾದ್ರೂ ಆವಾಗ್ಲೇ ಹೇಳಿದ್ರೆ ನಾವು ಅವರನ್ನ ಬೈತಿರ್ಲಿಲ್ಲ ಅಲ್ವೇನವ್ವ?’ ಎಂದರು.