ನಿಕಾಹ್‌ಗೆ ಮುನ್ನ ಒಂದು ರಕ್ತಪರೀಕ್ಷೆ

ಹಿಫ್ಝ್ ಮಾಡುವ ಬಾಲಕ ಉಸ್ತಾದರ ಮುಂದೆ ಕುಳಿತು ಓದಿ ಒಪ್ಪಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದಕ್ಷರ ತಪ್ಪಿದರೂ ಉಸ್ತಾದರು ಅಲ್ಲಿಯೇ ತಡೆದು ತಿದ್ದುತ್ತಾರೆ. ಇಂತಹದೇ ತಿದ್ದುವಿಕೆಯನ್ನು ಅಲ್ಲಾಹನು ನಮ್ಮ ಜೀವಕೋಶಗಳೊಳಗೂ ಇರಿಸಿದ್ದಾನೆ.

ಜೀವಕೋಶವು ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳುತ್ತದೆ. ಅದರಲ್ಲಿ ತಂದೆಯಿಂದ ಬಂದ ಸುಮಾರು 300 ಕೋಟಿ ಅಕ್ಷರಜೋಡಿಗಳು, ತಾಯಿಯಿಂದ ಬಂದ ಅಷ್ಟೇ ಜೋಡಿಗಳು ಇರುತ್ತವೆ. ಎ ಎದುರು ಟಿ, ಜಿ ಎದುರು ಸಿ ಎಂಬ ನಿಯಮದಂತೆ ಹಳೆಯ ಎಳೆಯೇ ಹೊಸ ಎಳೆಗೆ ಅಚ್ಚಾಗುತ್ತದೆ. ನಕಲು ಮಾಡುವ ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವವು ತಪ್ಪಕ್ಷರ ಕೂಡಿಸಿದರೆ ತಾನೇ ಅದನ್ನು ಕಿತ್ತು ಸರಿಯಾದುದನ್ನು ಇಡುತ್ತದೆ. ಕಣ್ತಪ್ಪಿದುದನ್ನು ಬೇರೆ ಪ್ರೋಟೀನುಗಳು ಹುಡುಕಿ ಸರಿಪಡಿಸುತ್ತವೆ. ಕೊನೆಗೆ ಉಳಿಯುವುದು ಸುಮಾರು ನೂರು ಕೋಟಿ ಅಕ್ಷರಗಳಿಗೆ ಒಂದು ತಪ್ಪು. ಸುಬ್‌ಹಾನಲ್ಲಾಹ್!

ಆದರೆ ಮೂಲದಲ್ಲಿಯೇ ತಪ್ಪು ಸೇರಿಹೋಗಿದ್ದರೆ, ಜೀವಕೋಶ ಅದನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಆ ತಪ್ಪು ತಲೆಮಾರುಗಳನ್ನು ದಾಟಿ ಬರುತ್ತದೆ.

ಡಿಎನ್‌ಎ ಕೋಶಕೇಂದ್ರದಲ್ಲಿಯೇ ಉಳಿಯುತ್ತದೆ. ಬೇಕಾದ ಜೀನ್‌ನ ಪ್ರತಿ ಮಾತ್ರ ಆರ್‌ಎನ್‌ಎ ರೂಪದಲ್ಲಿ ಸಿದ್ಧವಾಗಿ, ಬೇಡದ ಭಾಗಗಳು ಕತ್ತರಿಸಲ್ಪಟ್ಟು ಹೊರಗೆ ಬರುತ್ತದೆ. ಅದನ್ನು ಓದಿಯೇ ಪ್ರೋಟೀನ್ ತಯಾರಾಗುತ್ತದೆ. ನಮ್ಮ ದೇಶದಲ್ಲಿ ಅತಿ ಹೆಚ್ಚಾಗಿ ಕಾಣುವ ಬೀಟಾ ಥಲಸ್ಸೇಮಿಯಾ ದೋಷದಲ್ಲಿ, ಹಿಮೋಗ್ಲೋಬಿನ್‌ಗೆ ಸಂಬಂಧಿಸಿದ ಜೀನ್‌ನಲ್ಲಿ ಜಿ ಇರಬೇಕಾದೆಡೆ ಸಿ ಇರುತ್ತದೆ. ಆ ಒಂದಕ್ಷರದಿಂದ ಕತ್ತರಿಸಬೇಕಾದ ಗುರುತು ಕೆಡುತ್ತದೆ, ಆರ್‌ಎನ್‌ಎ ತಪ್ಪಾಗಿ ಜೋಡಣೆಯಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಇಂತಹ ಪ್ರತಿಯನ್ನೇ ಪಡೆದ ಮಗುವಿಗೆ ರೋಗ ತೀವ್ರವಾದರೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ.

ಒಂದೇ ದೋಷಪ್ರತಿ ಹೊತ್ತವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಂತಹ ಇಬ್ಬರು ಮದುವೆಯಾದರೆ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ನಮ್ಮ ಮನೆಗಳಲ್ಲಿ ಸಂಬಂಧದೊಳಗೇ ಹೆಣ್ಣು ಕೊಟ್ಟು ತರುವ ರೂಢಿ ಹಳೆಯದು. ಚಾಚಾ, ಮಾಮಾ, ಖಾಲಾ, ಫೂಫಿಯರ ಮಕ್ಕಳೊಡನೆ ವಿವಾಹ ಶರೀಅತ್‌ನಲ್ಲಿ ಅನುಮತಿಸಲ್ಪಟ್ಟಿದೆ, ಆದರೆ ಕಡ್ಡಾಯವಲ್ಲ. ಅಂತಹ ಇಬ್ಬರಲ್ಲಿ ಜೀನ್‌ಗಳ ಸರಾಸರಿ ಎಂಟನೆಯ ಒಂದು ಭಾಗ ಒಂದೇ ಮೂಲದಿಂದ ಬಂದಿರುವುದರಿಂದ, ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು.

ಆದುದರಿಂದ ವರನೂ ವಧುವೂ ನಿಕಾಹ್‌ಗೆ ಮುನ್ನ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬುದು ನಮ್ಮ ವಿನಂತಿ. ಸೌದಿ ಅರೇಬಿಯಾ 2004ರಿಂದ ಮದುವೆಗೆ ಮುನ್ನ ಇಂತಹ ಪರೀಕ್ಷೆಯನ್ನು ಕಡ್ಡಾಯಗೊಳಿಸಿದೆ; ಫಲಿತಾಂಶ ತಿಳಿದ ಬಳಿಕ ನಿರ್ಧಾರ ಆ ಇಬ್ಬರದೇ. ಇದರಲ್ಲಿ ಮನೆತನಕ್ಕೆ ಕಳಂಕವೇನೂ ಇಲ್ಲ. ಮಗಳ ರಕ್ತದಲ್ಲಿ ದೋಷ ಕಂಡಿತೆಂದು ಸಂಬಂಧಿಕರಿಂದ ಮುಚ್ಚಿಡುವುದರಲ್ಲಿಯೇ ಅನ್ಯಾಯವಿದೆ, ಏಕೆಂದರೆ ಅದರ ಬೆಲೆ ತೆರುವುದು ಇನ್ನೂ ಹುಟ್ಟದ ಮಗು.

ಗಂಗಾವತಿಯ ರೈತ ಭತ್ತದ ಬೀಜವನ್ನು ನೋಡದೆ ಸಸಿಮಡಿಗೆ ಹಾಕುವುದಿಲ್ಲ. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂಬುದು ಪ್ರವಾದಿಯವರ(ಸ) ಬೋಧನೆಯ ಸಾರ. ಮಹರ್, ದಾವತ್‌ಗಳ ಮಾತುಕತೆ ನಡೆಯುವ ದಿನವೇ ಈ ಪರೀಕ್ಷೆಯ ಮಾತನ್ನೂ ಎತ್ತೋಣ. ಜುಮುಆ ಖುತ್ಬಾಗಳಲ್ಲಿ ನಮ್ಮ ಉಲಮಾಗಳು ಇದನ್ನು ತಿಳಿಸಲಿ. ಅಲ್ಲಾಹನು ನಮ್ಮ ಸಂತತಿಗೆ ಆರೋಗ್ಯವನ್ನು ಕರುಣಿಸಲಿ. ಆಮೀನ್.