ಆಯಾ ಹುಡುಕಾಟ ಬಾಣಂತನದಲ್ಲೇ ಶುರುವಾಗಲಿ

ಹೆರಿಗೆ ರಜೆ ಮುಗಿಯಲು ಹತ್ತು ದಿನ ಉಳಿದಿದೆ ಎನ್ನುವಾಗ ಗೆಳತಿಯರಿಂದ, ಹಳೆಯ ಸಹಪಾಠಿಗಳಿಂದ ನಮಗೆ ಒಂದೇ ತರಹದ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ. 'ಮಗು ನೋಡ್ಕೊಳ್ಳೋಕೆ ನಿಮ್ಮ ಊರ ಕಡೆಯವರು ಯಾರಾದ್ರೂ ಇದ್ರೆ ಹೇಳಿ, ಅರ್ಜೆಂಟ್.' ಕೇಳುವವರು ಬೆಂಗಳೂರಿನ ಕಂಪನಿಯಲ್ಲಿರಬಹುದು, ತಾಲ್ಲೂಕು ಕೇಂದ್ರದ ಬ್ಯಾಂಕಿನಲ್ಲಿರಬಹುದು, ಹೈಸ್ಕೂಲಿನಲ್ಲಿ ಮೇಡಂ ಆಗಿರಬಹುದು. ಅವರ ಕಷ್ಟ ನಿಜ. ಆದರೆ ಬಾಯಾರಿದಾಗ ಬಾವಿ ತೋಡುವ ಈ ಪದ್ಧತಿಯಿಂದ ಕೂಸಿಗೂ ಒಳ್ಳೆಯದಾಗುವುದಿಲ್ಲ, ಕೆಲಸಕ್ಕೆ ಬರುವ ಹೆಂಗಸಿಗೂ ನ್ಯಾಯ ಸಿಗುವುದಿಲ್ಲ. ಆಯಾ ಬೇಕೋ ಬೇಡವೋ ಎಂಬ ಮಾತು ಹೆರಿಗೆಗೆ ಮುಂಚೆಯೇ ಮನೆಯಲ್ಲಿ ಆಗಬೇಕು, ಹುಡುಕಾಟ ಬಾಣಂತನದಲ್ಲೇ ಶುರುವಾಗಬೇಕು ಎನ್ನುವುದು ನಮ್ಮ ಅಭಿಪ್ರಾಯ.

ತಡ ಆಗುವುದಕ್ಕೆ ಕಾರಣ ಸೋಮಾರಿತನ ಅಲ್ಲ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಕೇಳಿದರೆ ಆರು ತಿಂಗಳು ಅನ್ನಿಸುತ್ತದೆ. ಕೊನೆಯ ಒಂದು ತಿಂಗಳು ಓಡಾಡಲಾಗದೆ ಮೊದಲೇ ರಜೆ ಹಾಕಿದವರು ಕೆಲಸಕ್ಕೆ ವಾಪಸಾಗುವಾಗ ಮಗುವಿಗೆ ಐದು ತಿಂಗಳು. ಎಂಟೂ ವಾರ ಮೊದಲೇ ಬಳಸಿದ್ದರೆ ನಾಲ್ಕು ತಿಂಗಳು ದಾಟಿರುತ್ತದೆ ಅಷ್ಟೆ.

ಇದರ ಮೇಲೆ ನಮ್ಮ ಕಡೆಯ ಪದ್ಧತಿಯೊಂದಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಮೂರು ತಿಂಗಳು, ಕೆಲವು ಮನೆಗಳಲ್ಲಿ ಐದು ತಿಂಗಳು. ಅಲ್ಲಿರುವವರೆಗೆ ನೀರು ಹಾಕುವವರು, ಎಣ್ಣೆ ತಿಕ್ಕುವವರು, ಕೂಸನ್ನು ಎತ್ತಿಕೊಳ್ಳುವವರು ಎಲ್ಲ ಇರುತ್ತಾರೆ. ಮಗಳು ತೊಟ್ಟಿಲು, ಗಂಟುಮೂಟೆ ಕಟ್ಟಿಕೊಂಡು ಗಂಡನ ಮನೆಗೆ ಬಂದ ಮೇಲೆಯೇ 'ಮುಂದೇನು' ಎಂಬ ಪ್ರಶ್ನೆ ಏಳುತ್ತದೆ. ಆಗ ಕೈಯಲ್ಲಿ ಉಳಿದಿರುವುದು ಎರಡು ಮೂರು ವಾರ.

ಮಗುವಿನದ್ದೂ ಒಂದು ಲೆಕ್ಕವಿದೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು, ಆಮೇಲೆ ಮೇಲುಣಿಸು ಶುರುಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ಊರಿನ ಆಶಾ ಅಕ್ಕನೂ ಹೇಳುತ್ತಾಳೆ. ಅಂದರೆ ಅಮ್ಮ ಕೆಲಸಕ್ಕೆ ಹೊರಟ ಹೊತ್ತಿಗೇ ಮಗು ರಾಗಿ ಸರಿ ನೆಕ್ಕಲು ಕಲಿಯುತ್ತಿರುತ್ತದೆ. ಎಷ್ಟು ತೆಳು ಮಾಡಬೇಕು, ಉಗುಳಿದರೆ ಏನು ಮಾಡಬೇಕು, ಯಾವ ಅಳು ಹಸಿವಿನದ್ದು, ಯಾವುದು ನಿದ್ದೆಯದ್ದು, ಇದನ್ನೆಲ್ಲ ಆಯಾ ಅಮ್ಮನ ಪಕ್ಕದಲ್ಲಿ ಕೂತೇ ಕಲಿಯಬೇಕು. ಎಂಟು ಒಂಬತ್ತು ತಿಂಗಳ ಹೊತ್ತಿಗೆ ಬಹಳ ಮಕ್ಕಳು ಹೊಸ ಮುಖ ಕಂಡರೆ ಕಿರುಚುತ್ತವೆ. ಮೊದಲು ಸಿಕ್ಕಿದವರನ್ನು ಇಟ್ಟುಕೊಂಡು, ಎರಡು ತಿಂಗಳಿಗೆ ಅವರು ಬಿಟ್ಟುಹೋಗಿ, ಮತ್ತೊಬ್ಬರನ್ನು ತರುವುದು ಸರಿಯಾಗಿ ಈ ವಯಸ್ಸಿಗೆ ಬೀಳುತ್ತದೆ.

ಇಲ್ಲಿಯವರೆಗಿನದ್ದು ಕೆಲಸ ಕೊಡುವ ಮನೆಯ ಕ್ಯಾಲೆಂಡರ್. ಇನ್ನೊಂದು ಕ್ಯಾಲೆಂಡರ್ ಕೆಲಸಕ್ಕೆ ಬರುವವಳ ಮನೆಯಲ್ಲಿ ತೂಗುತ್ತಿರುತ್ತದೆ. ಅದನ್ನು ನೋಡುವವರು ಕಡಿಮೆ.

ಮಗು ನೋಡಿಕೊಳ್ಳಲು ಪಟ್ಟಣಕ್ಕೆ ಹೋಗುವ ನಮ್ಮೂರುಗಳ ಹೆಂಗಸರು ಹೆಚ್ಚಾಗಿ ತಾವೇ ತಾಯಂದಿರು. ಜೂನ್‌ನಲ್ಲಿ ಶಾಲೆ ಶುರು, ಮಕ್ಕಳ ಪುಸ್ತಕ ಬಟ್ಟೆ ಆಗಬೇಕು. ಮುಂಗಾರು ಬಂದರೆ ಬಿತ್ತನೆ, ಕಳೆ. ಸುಗ್ಗಿಯಲ್ಲಿ ಊರಲ್ಲೇ ಕೂಲಿ ಇರುತ್ತದೆ. ಜಾತ್ರೆಗೆ, ಯುಗಾದಿಗೆ ಊರಿಗೆ ಬರಲೇಬೇಕು. ಮಗ ಎಸ್ಸೆಸ್ಸೆಲ್ಸಿ ಆಗಿದ್ದರೆ ಪರೀಕ್ಷೆ ಮುಗಿಯುವವರೆಗೆ ಕಾಲು ಕೀಳುವುದು ಕಷ್ಟ. ಹೊಲ, ಎಮ್ಮೆ, ವಯಸ್ಸಾದ ಅತ್ತೆ, ಇವರನ್ನೆಲ್ಲ ಯಾರಿಗಾದರೂ ಒಪ್ಪಿಸಿ ಹೊರಡಬೇಕು. 'ಸೋಮವಾರದಿಂದ ಬಂದುಬಿಡಿ' ಎಂದರೆ ಇಂಥವರು ಬರಲಾರರು. ಸೋಮವಾರವೇ ಬರಬಲ್ಲವರು ಒಂದೋ ಏಜೆನ್ಸಿಯಲ್ಲಿ ಸಾಲುಗಟ್ಟಿ ಕೂತವರು, ಇಲ್ಲವೇ ಬೇರೆ ದಾರಿಯೇ ಇಲ್ಲದವರು. ತಮ್ಮ ಮನೆ ಹೊಂದಿಸಿಕೊಂಡು ಬಂದ ಹೆಂಗಸು ಒಂದು ವರ್ಷ ನಿಲ್ಲುತ್ತಾಳೆ. ಹೊಂದಿಸದೆ ಬಂದವಳಿಗೆ ಊರಿನಿಂದ ಬಂದ ಒಂದು ಫೋನ್ ಸಾಕು, ರಾತ್ರಿ ಬಸ್ಸು ಹತ್ತುತ್ತಾಳೆ. ಅವಳನ್ನು ಬೈಯುವುದು ಸುಲಭ. ಕರೆದಾಗ ಅವಳ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಾವು ಕೇಳಿದ್ದೆವೇ?

ಗ್ಯಾರಂಟಿ ಯೋಜನೆ ಬಂದ ಮೇಲೆ ಕೆಲಸಕ್ಕೆ ಜನ ಸಿಗುತ್ತಿಲ್ಲ ಎಂಬ ಗೊಣಗಾಟ ಪಟ್ಟಣಗಳಲ್ಲಿ ಕೇಳುತ್ತೇವೆ. ಗೃಹಲಕ್ಷ್ಮಿಯ ತಿಂಗಳ ₹2,000ದಲ್ಲಿ ಯಾರ ಸಂಸಾರವೂ ನಡೆಯುವುದಿಲ್ಲ. ಅದರಿಂದ ಆಗುವುದೇನೆಂದರೆ, ಕೈಯಲ್ಲಿ ನಾಲ್ಕು ಕಾಸಿರುವ ಹೆಂಗಸು ಕೆಟ್ಟ ಕೆಲಸಕ್ಕೆ 'ಒಲ್ಲೆ' ಅನ್ನಬಹುದು. 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತವಾಗಿ, ಹತ್ತಿರದ ಹಳ್ಳಿಯಿಂದ ಪಟ್ಟಣಕ್ಕೆ ಬೆಳಿಗ್ಗೆ ಬಂದು ಸಂಜೆ ಹೋಗುವುದು ಹಗುರಾಗಿದೆ. ತಾಲ್ಲೂಕು ಕೇಂದ್ರದಲ್ಲಿರುವವರು ಮನೆಯಲ್ಲೇ ಉಳಿಯುವವರು ಬೇಕೆಂದು ಹಟ ಹಿಡಿಯುವ ಮೊದಲು ಇದನ್ನು ಯೋಚಿಸಬೇಕು. ಸಂಜೆ ತನ್ನ ಮಕ್ಕಳ ಮುಖ ನೋಡುವ ಹೆಂಗಸು ಹೆಚ್ಚು ದಿನ ನಿಲ್ಲುತ್ತಾಳೆ.

ಅವಸರದಲ್ಲಿ ಆಗುವ ಇನ್ನೊಂದು ಅನಾಹುತ, ಮಾತು ಬಾಯಲ್ಲೇ ಮುಗಿಯುವುದು. ಮಗು ನೋಡಿಕೊಳ್ಳಲು ಎಂದು ಕರೆದವಳ ಕೈಗೆ ಮೂರನೇ ದಿನ ಪೊರಕೆ ಬರುತ್ತದೆ, ವಾರದಲ್ಲಿ ಪಾತ್ರೆ ಬರುತ್ತದೆ, ತಿಂಗಳಲ್ಲಿ ಅಡುಗೆ ಬರುತ್ತದೆ. ಒಂದೇ ಕೈ ಒಲೆಯನ್ನೂ ಅಂಬೆಗಾಲಿಡುವ ಕೂಸನ್ನೂ ನೋಡಿಕೊಳ್ಳಬೇಕಾದಾಗ ಅಪಾಯ ಕೂಸಿಗೇ. ವಾರದ ರಜೆ ಯಾವತ್ತು, ಜ್ವರ ಬಂದರೆ ಸಂಬಳ ಹಿಡಿಯುತ್ತೀರಾ, ಹಬ್ಬಕ್ಕೆ ಎಷ್ಟು ದಿನ ಊರಿಗೆ, ಮನೆಯಲ್ಲಿ ಕ್ಯಾಮೆರಾ ಇದೆಯೇ, ಯಾವುದೂ ಮೊದಲೇ ತೀರ್ಮಾನವಾಗಿರುವುದಿಲ್ಲ. ಮನೆಗೆಲಸಕ್ಕೂ ಕನಿಷ್ಠ ವೇತನ ಗೊತ್ತುಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಆದದ್ದು 2004ರಲ್ಲಿ. ಆದರೂ ಈಗಿನ ದರ ಎಷ್ಟೆಂದು ನೋಡಿ ಸಂಬಳದ ಮಾತು ಶುರುಮಾಡುವ ಮನೆಗಳು ಬೆರಳೆಣಿಕೆ. ಪಕ್ಕದ ಫ್ಲಾಟಿನವರು ಎಷ್ಟು ಕೊಡುತ್ತಾರೆ ಎಂಬುದೇ ದರ.

ಇನ್ನೂ ಕೆಟ್ಟದ್ದೊಂದಿದೆ. ದೊಡ್ಡವರು ಸಿಗದಿದ್ದಾಗ 'ಕೂಸು ಆಡಿಸೋಕೆ ಒಂದು ಹುಡುಗಿ ಇದ್ದರೂ ಸಾಕು' ಎಂಬ ಮಾತು ಬರುತ್ತದೆ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. 'ಓದಿಸುತ್ತೇವೆ, ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ' ಎಂದು ಕರೆದೊಯ್ದರೂ ಅದು ಬಾಲಕಾರ್ಮಿಕ ಪದ್ಧತಿಯೇ. ಇಂಥ ಮಾತು ಕೇಳಿದರೆ ನಾವು ಊರಿನವರು ಅಲ್ಲೇ ತಡೆಯಬೇಕು.

ತೀರ್ಮಾನ ಯಾರು ಮಾಡುತ್ತಾರೆ ಎಂಬುದೂ ಮುಖ್ಯ. ಬಹಳ ಮನೆಗಳಲ್ಲಿ ಲೆಕ್ಕ ಹೀಗೆ ನಡೆಯುತ್ತದೆ: ಹೆಂಡತಿಯ ಸಂಬಳದಲ್ಲಿ ಆಯಾ ಸಂಬಳ ಕಳೆ, ಬಸ್ಸಿನ ಖರ್ಚು ಕಳೆ. ಉಳಿಯುವುದು ಇಷ್ಟೇನಾ? ಹಾಗಾದರೆ ಸುಮ್ಮನೆ ಮನೆಯಲ್ಲಿರು. ಮಗು ಇಬ್ಬರದ್ದು, ಕಳೆಯುವುದು ಮಾತ್ರ ಒಬ್ಬಳ ಸಂಬಳದಿಂದ. ಆಯಾ ಖರ್ಚನ್ನು ಮನೆ ಬಾಡಿಗೆಯ ಹಾಗೆ ಇಬ್ಬರ ಆದಾಯದಿಂದ ತೆಗೆದರೆ ಉತ್ತರ ಬೇರೆಯೇ ಬರುತ್ತದೆ. ಎರಡು ಮೂರು ವರ್ಷ ಕೆಲಸ ಬಿಟ್ಟವಳಿಗೆ ಹೋಗುವುದು ಆ ತಿಂಗಳುಗಳ ಸಂಬಳವಷ್ಟೇ ಅಲ್ಲ. ಬಡ್ತಿ, ಪಿಎಫ್, ಮತ್ತೆ ಕೆಲಸ ಸಿಗುವ ಅವಕಾಶ ಎಲ್ಲ ಹಿಂದೆ ಬೀಳುತ್ತವೆ. ಈ ಲೆಕ್ಕವನ್ನು ರಜೆಯ ಕೊನೆಯ ವಾರ, ನಿದ್ದೆಗೆಟ್ಟ ಕಣ್ಣಲ್ಲಿ ಕೂತು ಮಾಡಿದರೆ ರಾಜೀನಾಮೆಯೇ ಸುಲಭ ಅನ್ನಿಸುತ್ತದೆ. ಅದಕ್ಕೇ ಗರ್ಭಿಣಿಗೆ ಏಳನೇ ತಿಂಗಳು ನಡೆಯುವಾಗ, ಸೀಮಂತದ ಸೀರೆ ಆರಿಸುವ ಹೊತ್ತಿಗೇ, ಗಂಡ ಹೆಂಡತಿ ಕೂತು ಮಾತಾಡಲಿ ಎನ್ನುವುದು.

'ಅಜ್ಜಿ ಇದ್ದಾರಲ್ಲ' ಎನ್ನುವವರಿಗೆ ಒಂದು ಮಾತು. ಅಜ್ಜಿಯನ್ನು ಕೇಳಿದ್ದೀರಾ? ಊರಲ್ಲಿ ಅಜ್ಜನನ್ನು ಒಂಟಿಯಾಗಿ ಬಿಟ್ಟು, ಮಂಡಿ ನೋವು ನುಂಗಿಕೊಂಡು, ಮೂರನೇ ಮಹಡಿಯಲ್ಲಿ ದಿನವಿಡೀ ಕೂಸು ಹಿಡಿದು ಕೂರುವುದು ಅವರಿಗೆ ಒಪ್ಪಿಗೆಯೇ? ಒಪ್ಪಿದರೂ ಅವರ ಜೊತೆ ಅರ್ಧ ದಿನಕ್ಕೆ ಒಬ್ಬರು ಬೇಕಾಗಬಹುದು.

ಆಯಾ ಒಬ್ಬಳೇ ದಾರಿಯೂ ಅಲ್ಲ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಎಂದೂ 2017ರ ಅದೇ ತಿದ್ದುಪಡಿ ಹೇಳಿತು. ರಜೆ ಅರ್ಜಿ ಕೊಡುವಾಗಲೇ ಆಫೀಸಿನಲ್ಲಿ ಇದನ್ನು ಬರವಣಿಗೆಯಲ್ಲಿ ಕೇಳಿ. ಹಳ್ಳಿಗಳಲ್ಲಿ, ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023-24ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾಯಿತು. ಪಟ್ಟಣಕ್ಕೆ ಆಯಾ ಕೆಲಸಕ್ಕೆ ಹೋಗುವವಳ ಕೂಸಿಗೂ ಇಂಥ ಕಡೆ ಜಾಗ ಸಿಗಬೇಕು ಎಂಬುದು ನಮ್ಮ ಒತ್ತಾಯ. ಅವಳ ಮಗು ಕ್ಷೇಮವಾಗಿದ್ದರೆ ತಾನೇ ಅವಳು ಇನ್ನೊಬ್ಬರ ಮಗು ಹಿಡಿಯಲು ಸಾಧ್ಯ?

ಆಯಾ ಬೇಕು ಎಂದೇ ತೀರ್ಮಾನವಾದರೆ ನಾವು ಹೇಳುವ ಅನುಕ್ರಮ ಇದು. ಬಾಣಂತನದ ಎರಡನೇ ತಿಂಗಳಲ್ಲಿ ಹುಡುಕಾಟಕ್ಕೆ ಮಾತು ಬಿಡಿ. ತವರಿನಲ್ಲಿದ್ದರೆ ಅದೇ ಒಳ್ಳೆಯ ಜಾಗ, ಅಂಗನವಾಡಿ ಟೀಚರ್‌ಗೆ, ಸ್ವಸಹಾಯ ಸಂಘದವರಿಗೆ ಊರಿನ ಪ್ರತಿ ಮನೆಯೂ ಗೊತ್ತಿರುತ್ತದೆ. ಮೂರನೇ ತಿಂಗಳಲ್ಲಿ ಇಬ್ಬರು ಮೂವರ ಜೊತೆ ಮಾತಾಡಿ. ನೀವು ಕೇಳುವಷ್ಟೇ ಪ್ರಶ್ನೆ ಅವರೂ ಕೇಳಲಿ. ಗುರುತಿನ ಚೀಟಿ, ಹಿಂದೆ ಕೆಲಸ ಮಾಡಿದ ಮನೆಯವರ ಮಾತು, ಬೇಕಿದ್ದರೆ ಸೇವಾಸಿಂಧು ಮೂಲಕ ಪೊಲೀಸ್ ಪರಿಶೀಲನೆ, ಇವಕ್ಕೆಲ್ಲ ದಿನ ಹಿಡಿಯುತ್ತದೆ. ಕೆಲಸ, ಹೊತ್ತು, ಸಂಬಳ, ರಜೆ, ಬಿಡುವುದಿದ್ದರೆ ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಓದಲು ಬರದಿದ್ದರೆ ಅವರ ಮನೆಯವರ ಎದುರು ಓದಿ ಹೇಳಿ.

ರಜೆ ಮುಗಿಯುವುದಕ್ಕೆ ಕನಿಷ್ಠ ಮೂರು ವಾರ ಮೊದಲು ಅವರು ಕೆಲಸಕ್ಕೆ ಬರಲಿ, ಪೂರ್ತಿ ಸಂಬಳದ ಮೇಲೆ. ಮೊದಲ ವಾರ ನೀವು ಮಾಡುವುದನ್ನು ಅವರು ನೋಡಲಿ. ಎರಡನೇ ವಾರ ಅವರು ಮಾಡುವುದನ್ನು ನೀವು ನೋಡಿ. ಮೂರನೇ ವಾರ ನೀವು ಎರಡು ಗಂಟೆ, ನಾಲ್ಕು ಗಂಟೆ ಹೊರಗೆ ಹೋಗಿ ಬನ್ನಿ. ಮನೆಯಲ್ಲಿದ್ದೂ ಸಂಬಳ ಕೊಡುವುದು ದಂಡ ಅನ್ನಿಸಬಹುದು. ಏಜೆನ್ಸಿಗೆ ಎರಡು ಸಲ ಕಮಿಷನ್ ಕಟ್ಟುವುದಕ್ಕಿಂತ, ಸಂಬಳವಿಲ್ಲದ ರಜೆ ಹಾಕುವುದಕ್ಕಿಂತ ಇದು ಅಗ್ಗ. ಹೊಂದುವುದಿಲ್ಲ ಎಂದು ಇಬ್ಬರಲ್ಲಿ ಯಾರಿಗೆ ಅನ್ನಿಸಿದರೂ ಬೇರೆ ದಾರಿ ನೋಡಲು ಇನ್ನೂ ದಿನ ಉಳಿದಿರುತ್ತದೆ.