ಗೆಲುವಿಲ್ಲದ ಆಟಕ್ಕೊಂದು ಯಂತ್ರ

ಕನ್ನಡದಲ್ಲಿ ‘ಆಟ’ವೆಂಬ ಮಾತಿಗೆ ಸೋಲುಗೆಲುವುಗಳ ಕಟ್ಟು ಮೊದಲಿನಿಂದಲೂ ಇಲ್ಲ. ಬಳ್ಳಾರಿ ಸೀಮೆಯ ಬಯಲಾಟವೂ ಆಟವೇ, ತೊಗಲುಗೊಂಬೆಯಾಟವೂ ಆಟವೇ. ಆಡಿದವರಲ್ಲಿ ಗೆದ್ದವರಾರೆಂದು ಬೆಳಗಿನ ಜಾವ ಮನೆಗೆ ಮರಳುವ ಪ್ರೇಕ್ಷಕರು ಲೆಕ್ಕ ಹಾಕುವುದಿಲ್ಲ. ತುಂಗಭದ್ರೆಯ ದಡದ ಮರಳಿನಲ್ಲಿ ಕಾಲು ಹುಗಿದು, ಮೇಲೆ ತಟ್ಟಿ, ಮೆಲ್ಲನೆ ಹೊರಗೆಳೆದು ಗುಬ್ಬಿಗೂಡು ಕಟ್ಟುವ ಹುಡುಗಿಯನ್ನು ‘ಎಷ್ಟು ಅಂಕ ಬಂದವು?’ ಎಂದು ಕೇಳಿದರೆ ಅವಳು ನಮ್ಮ ಮುಖವನ್ನೇ ನೋಡಿಯಾಳು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕೆರೆಯ ಮಣ್ಣು ತಂದು ಎತ್ತು ಮಾಡುತ್ತಾರೆ. ಎತ್ತಿಗೊಂದು ಗೋದಲಿ, ಗೋದಲಿಗೊಂದು ಕೊಟ್ಟಿಗೆ, ಕೊಟ್ಟಿಗೆಗೊಬ್ಬ ಕಾವಲುಗಾರ ಎಂದು ಬೆಳೆಸುತ್ತ ಹೋಗಿ, ಮಣ್ಣು ಮುಗಿದ ಮೇಲೆ ಎದ್ದು ಕೈ ತೊಳೆಯುತ್ತಾರೆ. ಮಣ್ಣು ಮುಗಿದುದೇ ಆ ಆಟದ ಕೊನೆ.

ಆಟ, ಪಂದ್ಯ, ಜೂಜು ಎಂಬ ಮೂರನ್ನೂ ನಮ್ಮ ಹಿರಿಯರು ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಇಂದು ಪರದೆಯ ಮೇಲೆ ಮೂರೂ ಕಲಸಿಹೋಗಿ, ಎಲ್ಲಕ್ಕೂ ‘ಗೇಮು’ ಎಂಬ ಒಂದೇ ಹೆಸರಾಗಿದೆ. ಹೀಗಾಗಿ ತಂದೆತಾಯಿಗಳಲ್ಲಿ ಎರಡೇ ಪಂಗಡ ಕಾಣುತ್ತವೆ: ಎಲ್ಲವೂ ಕೇಡೆಂದು ಕಸಿದುಕೊಳ್ಳುವವರು, ಎಲ್ಲವೂ ಒಂದೇ ಎಂದು ಬಿಟ್ಟುಬಿಡುವವರು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಡೆಯ ಪಕ್ಷ ಜೂಜನ್ನು ಉಳಿದುದರಿಂದ ಬೇರ್ಪಡಿಸುವ ಪ್ರಯತ್ನ ಅದರಲ್ಲಿತ್ತು. ಆದರೆ ಪಂದ್ಯವನ್ನು ಆಟದಿಂದ ಬೇರ್ಪಡಿಸುವ ಕೆಲಸ ಕಾಯಿದೆಯಿಂದ ಆಗುವುದಲ್ಲ. ಅದು ಮನೆಯಲ್ಲಿಯೇ, ಕೊಳ್ಳುವ ಮೊದಲೇ ಆಗಬೇಕು.

ಸಂಡೂರಿನಲ್ಲಿ ಉಪಾಧ್ಯಾಯಿನಿಯಾಗಿರುವ ನನ್ನ ತಂಗಿಯ ಮಗಳ ಮನೆಯಲ್ಲಿ ಈ ಪ್ರಶ್ನೆ ಈಚೆಗೆ ಎದುರಾಗಿದೆ. ಅವಳಿಗೆ 12 ವರ್ಷದ ಮಗ, 9 ವರ್ಷದ ಮಗಳು. ಗಂಡನದು ಗಣಿಯಲ್ಲಿ ಪಾಳಿಯ ಕೆಲಸ. ಹುಡುಗ ತಾಯಿಯ ಫೋನಿನಲ್ಲಿ ಆಡುತ್ತಿದ್ದ ಒಂದು ಆಟ ದಿನಕ್ಕೊಮ್ಮೆ ಹಾಜರಿ ಕೇಳುತ್ತದೆ. ಒಂದು ದಿನ ತಪ್ಪಿದರೆ ಕೂಡಿಟ್ಟ ಬಹುಮಾನವೆಲ್ಲ ಹೋಗುತ್ತದೆ. ಜ್ವರದಲ್ಲಿ ಮಲಗಿದ್ದವನು ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಎದ್ದು ಕುಳಿತು, ‘ಇವತ್ತಿನದು ಹಾಕದಿದ್ದರೆ ನಲವತ್ತು ದಿನದ್ದೂ ಹೋಗುತ್ತದೆ’ ಎಂದು ಅಳುತ್ತ ಫೋನು ಕೇಳಿದನಂತೆ. ಮರುದಿನವೇ ಆ ಆಟವನ್ನು ತೆಗೆದುಹಾಕಿದಳು. ತೆಗೆದುಹಾಕಿದ ಮೇಲೆ ಉಳಿದ ಖಾಲಿ ಸಂಜೆಗಳಿಗೆ ಏನು ಮಾಡುವುದು? ಚೀಟಿಯ ಹಣ ಐವತ್ತು ಸಾವಿರ ಕೈಗೆ ಬಂದಿದೆ. ಅದರಲ್ಲಿಯೇ ಸೋರುವ ಮಾಳಿಗೆಯನ್ನೂ ಸರಿಪಡಿಸಬೇಕು. ‘ಕಟ್ಟುವ ಆಟ, ನೆಮ್ಮದಿಯ ಆಟ ಆಡುವುದಕ್ಕೆ ಯಾವ ಕನ್ಸೋಲ್ ಒಳ್ಳೆಯದು ಮಾಮಾ?’ ಎಂದು ಕೇಳಿದಳು. ಅವಳಿಗೆ ಹೇಳಿದುದನ್ನೇ, ಸ್ವಲ್ಪ ವಿಸ್ತರಿಸಿ, ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಆಟದ ಸ್ವರೂಪ. ಹಂಪಿಯ ಮಂಟಪಗಳ ನೆಲದ ಮೇಲೆ, ಬಂಡೆಗಳ ಮೇಲೆ, ಹುಲಿ-ಕುರಿ ಆಟದ ಗೆರೆಗಳನ್ನೂ ಅಳಗುಳಿಯ ಕುಳಿಗಳನ್ನೂ ಕಣ್ಣಿಟ್ಟು ನೋಡಿದವರೆಲ್ಲ ಕಂಡಿರುತ್ತಾರೆ. ಅವು ಸೋಲುಗೆಲುವಿನ ಆಟಗಳೇ. ಆದರೂ ಅವುಗಳಲ್ಲೊಂದು ದೊಡ್ಡ ಸಭ್ಯತೆಯಿದೆ. ದಾರಿಯಲ್ಲಿ ಸಿಕ್ಕ ನಾಲ್ಕು ಹರಳುಗಳನ್ನು ಆರಿಸಿ ಆಡಬಹುದು. ಹೊತ್ತಾಯಿತೆಂದರೆ ಎದ್ದು ಹೋಗಬಹುದು. ‘ನಾಳೆ ಬರದಿದ್ದರೆ ನಿನ್ನ ಹುಲಿ ಸತ್ತೀತು’ ಎಂದು ಆ ಕಲ್ಲು ಯಾರನ್ನೂ ಹೆದರಿಸಲಿಲ್ಲ. ಎದ್ದು ಹೋದವನನ್ನು ಹಿಂದಿನಿಂದ ಕೂಗಿ ಕರೆಯದಿರುವುದು, ನನ್ನ ಮಟ್ಟಿಗೆ, ಒಳ್ಳೆಯ ಆಟದ ಮೊದಲ ಲಕ್ಷಣ. ಎರಡನೆಯ ಲಕ್ಷಣವನ್ನೂ ಹಂಪಿಯ ಗುಡ್ಡಗಳ ಮೇಲೆಯೇ ಕಾಣಬಹುದು: ಸ್ವಂತ ಮನೆಯಾಗಲೆಂದು ಹರಸಿಕೊಂಡ ಯಾತ್ರಿಕರು ಚಿಕ್ಕ ಕಲ್ಲುಗಳನ್ನು ಒಂದರ ಮೇಲೊಂದಿಟ್ಟು ಪುಟ್ಟ ಗೋಪುರಗಳನ್ನು ಮಾಡಿರುತ್ತಾರೆ. ಹೀಗೆಯೇ ಇಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಒಂದರಂತೆ ಇನ್ನೊಂದಿಲ್ಲ.

ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ತೊಡಗಿ, 2011ರ ನವೆಂಬರಿನಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಮೈನ್‌ಕ್ರಾಫ್ಟ್’ ಈ ಕಲ್ಲಿನ ಮೇಲೆ ಕಲ್ಲಿಡುವ ಆಟವೇ. ಎಲ್ಲೆಯಿಲ್ಲದಂತೆ ಹರಡಿದ ನೆಲ, ಚೌಕ ಚೌಕದ ಮಣ್ಣು, ಕಲ್ಲು, ಮರ, ಒಡೆಯಬಹುದು, ಕಟ್ಟಬಹುದು. ‘ಕ್ರಿಯೇಟಿವ್’ ಎಂಬ ಬಗೆಯಲ್ಲಿ ಹಸಿವಿಲ್ಲ, ಶತ್ರುವಿನ ಭಯವಿಲ್ಲ, ಸಾಮಗ್ರಿಗೆ ಬಡತನವಿಲ್ಲ. 2023ರ ಹೊತ್ತಿಗೆ ಇದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದುವು. ಇದು ಮಕ್ಕಳಾಟ ಮಾತ್ರವೆಂದು ತಳ್ಳಿಹಾಕುವವರು ಗಮನಿಸಬೇಕಾದುದೊಂದಿದೆ: 2012ರಿಂದ ವಿಶ್ವಸಂಸ್ಥೆಯ ವಸತಿ ವಿಭಾಗವು, ತಮ್ಮ ಬೀದಿ ಮೈದಾನಗಳು ಹೇಗಿರಬೇಕೆಂದು ಜನರೇ ಕಟ್ಟಿ ತೋರಿಸಲೆಂದು ಈ ಆಟವನ್ನು ಹಲವು ನಗರಗಳಲ್ಲಿ ಬಳಸಿತು.

ಇಲ್ಲೊಂದು ಮಾತು, ವಿಷಯಾಂತರವೆನಿಸಿದರೆ ಓದುಗರು ಕ್ಷಮಿಸಬೇಕು. ಆ 2011ರ ಜುಲೈಯಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದೇ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು ತೆರವುಗೊಳಿಸಿದರು. ಅವರೊಡನೆ ಆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೂ ಹೋದರು. ನವೆಂಬರಿನಲ್ಲಿ ಈ ಅಗೆಯುವ, ಕಟ್ಟುವ ಆಟ ಜಗತ್ತಿಗೆಲ್ಲ ಬಂದಿತು. ಸಂಡೂರಿನ ಹುಡುಗ ಇಂದು ಪರದೆಯ ಮೇಲೆ ಕಬ್ಬಿಣದ ಅದಿರನ್ನು ಅಗೆದು, ಒಲೆಗೆ ಹಾಕಿ ಕರಗಿಸುತ್ತಾನೆ. ಕಿಟಕಿಯಾಚೆ ಅದಿರಿನ ಲಾರಿ ಹೋಗುತ್ತದೆ. ಆಟದಲ್ಲಿಯೂ ಅಗೆದ ಗುಡ್ಡ ತಾನಾಗಿ ತುಂಬಿಕೊಳ್ಳುವುದಿಲ್ಲ. ಅದನ್ನು ಅವನು ಗಮನಿಸಿದರೆ ಒಳ್ಳೆಯದೇ.

ಇದೇ ಜಾತಿಯ ಇನ್ನೆರಡು ಆಟಗಳನ್ನು ಹೆಸರಿಸಬೇಕು. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು ರಚಿಸಿ 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಒಂದು. ತಾತನ ಹಾಳುಬಿದ್ದ ಹೊಲವನ್ನು ಮೊಮ್ಮಗ ಹಸನು ಮಾಡುವುದೇ ಅದರ ಕಥೆ. ಕಂಪ್ಲಿಯಲ್ಲಿ ಗದ್ದೆ ಮಾಡುವ ನನ್ನ ಸ್ನೇಹಿತರೊಬ್ಬರಿಗೆ ಇದನ್ನು ತೋರಿಸಿದಾಗ, ಬಿತ್ತಿದ ನಾಲ್ಕೇ ದಿನಕ್ಕೆ ಗೆಡ್ಡೆ ಕೀಳುವುದನ್ನು ನೋಡಿ ಅವರು ಬಹಳ ಹೊತ್ತು ನಕ್ಕರು. ಅವರ ಕಬ್ಬು ವರ್ಷ ತುಂಬಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ತೂಬುಬಾಗಿಲು ಕೊಚ್ಚಿಹೋದಾಗ ಅವರು ನಿದ್ದೆಯಿಲ್ಲದೆ ಕಳೆದ ರಾತ್ರಿಗಳಂಥವು ಆ ಹೊಲದಲ್ಲಿಲ್ಲ. ‘ಬೆಲೆ ಬೀಳುವುದಿಲ್ಲವೆ?’ ಎಂದು ಕೇಳಿದರು. ಬೀಳುವುದಿಲ್ಲವೆಂದೆ. ‘ಹಾಗಾದರೆ ಇದು ಆಟವೇ ಸರಿ’ ಎಂದರು. ಇನ್ನೊಂದು, 2020ರ ಮಾರ್ಚಿನಲ್ಲಿ ನಿಂಟೆಂಡೊ ಸಂಸ್ಥೆ ಹೊರತಂದ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’. ಒಂದು ದ್ವೀಪ, ಅಲ್ಲೊಂದು ಮನೆ, ಮಾತನಾಡುವ ಪ್ರಾಣಿಗಳ ನೆರೆಹೊರೆ. ಹತ್ತು ದಿನ ಹೋಗದಿದ್ದರೆ ಕಳೆ ಬೆಳೆದಿರುತ್ತದೆ, ಮನೆಯಲ್ಲಿ ಜಿರಲೆ ಸೇರಿರುತ್ತದೆ, ಅಷ್ಟೆ. ನಮ್ಮ ಮನೆಗಳಿಗಿಂತ ಕಠಿಣವಾದ ಶಿಕ್ಷೆಯೇನೂ ಅಲ್ಲ.

ಇನ್ನು ಯಂತ್ರದ ಮಾತು. ಹೊಸಪೇಟೆಯ ಒಂದು ಅಂಗಡಿಯಲ್ಲಿ ನಾನು ವಿಚಾರಿಸಿದಾಗ ಮಾರುವ ಹುಡುಗ ಮೊದಲು ಹೇಳಿದುದು ಯಂತ್ರದ ಬಲ: ಕ್ಷಣಕ್ಕೆ ಎಷ್ಟು ಚಿತ್ರ, ಎಷ್ಟು ಸೂಕ್ಷ್ಮ ಬಿಂದು ಎಂದು. ಕುದುರೆ ಮಾರುವವನು ಓಟದ ವೇಗ ಹೇಳುವುದು ಸಹಜವೇ. ಆದರೆ ನಮಗೆ ಬೇಕಾದುದು ನೀರಿನ ಗಾಡಿಗೆ ಕಟ್ಟುವ ಎತ್ತು. ಮೇಲೆ ಹೇಳಿದ ಆಟಗಳಲ್ಲಿ ಯಾವುದಕ್ಕೂ ಅಷ್ಟು ಬಲ ಬೇಕಿಲ್ಲ. ಓಡುವ, ಗುಂಡು ಹಾರಿಸುವ ಪಂದ್ಯಗಳಿಗೆ ಬೇಕಾದುದನ್ನು ಗುಬ್ಬಿಗೂಡಿನ ಆಟಕ್ಕೆ ಕೊಂಡು ತರುವುದು ಹಣದ ವ್ಯರ್ಥವೇ ಹೊರತು ಬೇರೆಯಲ್ಲ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರಲ್ಲಿ ಬಂದಾಗ ಅದರ ಬೆಲೆ 49,990 ರೂಪಾಯಿ. ನನ್ನ ಸೋದರಸೊಸೆಯ ಚೀಟಿಯ ಹಣ ಅಂಥ ಒಂದು ಪೆಟ್ಟಿಗೆಗೇ ಸರಿಹೋಗುತ್ತದೆ. ಮಳೆಗಾಲದಲ್ಲಿ ಮಕ್ಕಳು ಮಾಳಿಗೆಯ ಹನಿಗಳ ಕೆಳಗೆ ಕುಳಿತು ಆಡಬೇಕಾದೀತು.

ನಮ್ಮ ಊರುಗಳ ಸ್ಥಿತಿಯನ್ನೂ ನೋಡಬೇಕು. ಬೇಸಗೆಯ ಸೆಕೆ, ಆಗಾಗ ಹೋಗುವ ಕರೆಂಟು, ಸಂಡೂರಿನ ದಾರಿಗಳ ಕೆಂಪು ದೂಳು. ನಾಲ್ಕೂವರೆ ಕಿಲೋ ತೂಗುವ, ಒಳಗೆ ಫ್ಯಾನು ತಿರುಗಿಸಿ ಗಾಳಿ ಎಳೆಯುವ ಪೆಟ್ಟಿಗೆ ಗಾಳಿಯೊಡನೆ ಆ ದೂಳನ್ನೂ ಎಳೆಯುತ್ತದೆ. ಕರೆಂಟು ಹೋದರೆ ಅಲ್ಲಿಗೇ ಆಟ ಮುಗಿಯಿತು. ನಿಂಟೆಂಡೊದ ಸ್ವಿಚ್, 2017ರಲ್ಲಿ ಬಂದದ್ದು, ಕೈಯಲ್ಲಿ ಹಿಡಿದರೆ ನಾನೂರು ಗ್ರಾಮಿನಷ್ಟು ತೂಕ. 2019ರಲ್ಲಿ ತಿದ್ದಿದ ಮಾದರಿಯ ಬ್ಯಾಟರಿ, ಆಟಕ್ಕೆ ತಕ್ಕಂತೆ, ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆಂದು ತಯಾರಕರ ಲೆಕ್ಕ. ಅದರಲ್ಲಿಯೂ ಪುಟ್ಟದೊಂದು ಫ್ಯಾನು ಇದೆ. ಆದರೆ ಬಟ್ಟೆಯ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಬಹುದು. ಟಿವಿಗೆ ಜೋಡಿಸಿದರೆ ಅಣ್ಣ ತಂಗಿಯರಿಬ್ಬರೂ ಒಂದೇ ಪರದೆಯನ್ನು ಹಂಚಿಕೊಂಡು ಮೈನ್‌ಕ್ರಾಫ್ಟ್ ಕಟ್ಟಬಹುದು. ಅದಕ್ಕೆ ಇಂಟರ್‌ನೆಟ್ ಚಂದಾ ಬೇಕಿಲ್ಲ. ತೊಡಕಿಲ್ಲವೆಂದಲ್ಲ. ಅದು ಬಂದ ಕಾಲದಲ್ಲಿ ನಿಂಟೆಂಡೊ ನಮ್ಮ ದೇಶದಲ್ಲಿ ತಾನಾಗಿ ಮಾರಲಿಲ್ಲ. ಹೊರಗಿನಿಂದ ತರಿಸಿದವರು ಹೇಳಿದುದೇ ಬೆಲೆ, ರಿಪೇರಿಗೆ ದಿಕ್ಕಿಲ್ಲ. ಆದ್ದರಿಂದಲೇ ಬಳಸಿದ ಯಂತ್ರವನ್ನು ಪರಿಚಯದವರಿಂದ ಕೊಳ್ಳುವುದು ಮೇಲೆಂದು ನಾನು ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿರುವ ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತಲಿಲ್ಲ: ಕೊಂಡ ಆಟ ಯಾರದು? ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎಂಬುದು 2020ರಲ್ಲಿ 34,990 ರೂಪಾಯಿಗೆ ಬಂದಿತು, ಅಗ್ಗವೇ. ಆದರೆ ಅದಕ್ಕೆ ತಟ್ಟೆ ಹಾಕುವ ಬಾಯಿಲ್ಲ. ಆಟವನ್ನು ಕಂಪನಿಯ ಉಗ್ರಾಣದಿಂದ ಇಳಿಸಿಕೊಳ್ಳಬೇಕು; ಪಕ್ಕದ ಮನೆಯ ಹುಡುಗನಿಗೆ ಎರವಲು ಕೊಡುವಂತಿಲ್ಲ, ಸಾಕಾದಾಗ ಮಾರುವಂತಿಲ್ಲ. 2025ರ ಜೂನಿನಲ್ಲಿ ಬಂದ ಸ್ವಿಚ್ 2 ಯಂತ್ರಕ್ಕೆ ಮಾರುವ ಕೆಲವು ಚೀಟಿಗಳಲ್ಲಿ ಆಟವೇ ಇರುವುದಿಲ್ಲ, ಇಳಿಸಿಕೊಳ್ಳುವ ಅಧಿಕಾರದ ಬೀಗದ ಕೈ ಮಾತ್ರ ಇರುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ ಬರಹವನ್ನು ಓದಬೇಕು. ‘ಡ್ರೀಮ್ಸ್’ ಎಂಬ ಆಟವನ್ನು ನಾನು ಬಹುವಾಗಿ ಮೆಚ್ಚಿದ್ದೆ. 2020ರಲ್ಲಿ ಪ್ಲೇಸ್ಟೇಷನ್ನಿಗೆ ಬಂದ ಅದರಲ್ಲಿ ಚಿತ್ರ, ಸಂಗೀತ, ಬೇರೆ ಆಟಗಳನ್ನೇ ಆಡುವವರು ರಚಿಸಬಹುದಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಅದನ್ನು ಬೆಳೆಸುವ ಕೆಲಸವನ್ನು ತಯಾರಕರು ನಿಲ್ಲಿಸಿದರು. ಮಕ್ಕಳು ವರ್ಷಗಟ್ಟಲೆ ಕಟ್ಟುವ ಊರು ಯಾರದೋ ಕಂಪನಿಯ ಕಟ್ಟೆಯ ಮೇಲೆ ನಿಂತಿರುತ್ತದೆಂಬುದನ್ನು ಮರೆಯಬಾರದು. ಯಂತ್ರದೊಳಗೇ ಉಳಿಯುವ, ನೆಟ್ ಇಲ್ಲದೆ ತೆರೆಯುವ ಊರು ಸ್ವಲ್ಪವಾದರೂ ನಮ್ಮದು.

ಅಣ್ಣ ತಂಗಿಯರ ಜಗಳವನ್ನೂ ಮೊದಲೇ ಎಣಿಸಬೇಕು. ಅನಿಮಲ್ ಕ್ರಾಸಿಂಗಿನಲ್ಲಿ ಒಂದು ಯಂತ್ರಕ್ಕೆ ಒಂದೇ ದ್ವೀಪ. ಮೊದಲು ಕಾಲಿಟ್ಟವನೇ ಯಜಮಾನ. ಎರಡನೆಯವಳು ಅಲ್ಲಿ ಒಕ್ಕಲಿದ್ದಂತೆ. ಇನ್ನೊಂದು ಪ್ರತಿ ಕೊಂಡರೂ ಇನ್ನೊಂದು ದ್ವೀಪ ಬರುವುದಿಲ್ಲ. ಆದುದರಿಂದ ಇಬ್ಬರು ಮಕ್ಕಳ ಮನೆಗೆ ಅದನ್ನು ಮೊದಲ ಆಟವಾಗಿ ನಾನು ಹೇಳಲಾರೆ. ಮೈನ್‌ಕ್ರಾಫ್ಟಿನಲ್ಲಿ ಬೇಕಾದಷ್ಟು ಲೋಕಗಳನ್ನು ತೆರೆಯಬಹುದು. ಆದರೆ ಅದರೊಳಗೂ ಒಂದು ಅಂಗಡಿಯಿದೆ. ಯಂತ್ರ ತಂದ ದಿನವೇ ಪೋಷಕರ ಗುಪ್ತಸಂಖ್ಯೆ ಹಾಕಿ ಕೊಳ್ಳುವ ದಾರಿಯನ್ನು ಮುಚ್ಚಬೇಕು.

‘ಮಕ್ಕಳನ್ನು ಹೊರಗೆ ಆಡಲು ಕಳುಹಿಸಬಾರದೇ, ಯಂತ್ರವೇಕೆ?’ ಎಂದು ಕೇಳುವ ಹಿರಿಯರನ್ನು ನಾನು ಗೌರವಿಸುತ್ತೇನೆ. ಕಳುಹಿಸಲೇಬೇಕು. ಆದರೆ ಲಾರಿ ಓಡುವ ಬೀದಿಗೆ, ಯಾವಾಗ ನೀರು ಬಿಡುವರೋ ತಿಳಿಯದ ಹೊಳೆಯ ದಡಕ್ಕೆ, ಕಾವಲುಗಾರರು ಸೀಟಿ ಊದುವ ಮಂಟಪಕ್ಕೆ ಒಂಬತ್ತು ವರ್ಷದವಳನ್ನು ಒಬ್ಬಳೇ ಕಳುಹಿಸಿ ನಿಶ್ಚಿಂತೆಯಿಂದಿರುವ ತಾಯಿಯನ್ನು ನಾನು ಕಂಡಿಲ್ಲ. ಆ ಹುಡುಗನ ಕೈಯಿಂದ ಫೋನನ್ನು ಕಸಿದದ್ದಾಯಿತು. ಆ ಕೈಗೆ ಏನನ್ನೂ ಕೊಡದಿದ್ದರೆ ಅದು ಮತ್ತೆ ಫೋನನ್ನೇ ಹುಡುಕೀತು.

ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರು ಕನ್ಸೋಲನ್ನು ಕೊಳ್ಳಲೇಬೇಕಾಗಿಲ್ಲವೆಂಬುದು ನನ್ನ ಮತ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿ ಅದರಲ್ಲಿ ನಡೆಯುತ್ತದೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಹಣ ಕೊಡಲಾರದವರಿಗೆ ‘ಲುವಾಂಟಿ’ ಇದೆ; 2024ರವರೆಗೆ ಇದರ ಹೆಸರು ‘ಮೈನ್‌ಟೆಸ್ಟ್’ ಎಂದಿತ್ತು. ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುವ, ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ ಅದು. ನನ್ನ ಸೋದರಸೊಸೆಯ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಟಿವಿ ಇದೆ. ಆದ್ದರಿಂದ ಬಳಸಿದ ಹಳೆಯ ಸ್ವಿಚ್ ಒಂದು, ಅದಕ್ಕೆ ಮೈನ್‌ಕ್ರಾಫ್ಟಿನ ಚೀಟಿಯೊಂದು ಎಂದು ಬರೆದುಕೊಟ್ಟಿದ್ದೇನೆ. ಉಳಿದ ಹಣ ಮಾಳಿಗೆಗೆ. ಕೊಳ್ಳುವ ಮೊದಲು ಆಟವನ್ನು ತೆರೆದು, ಹಿಡಿಯ ಮೇಲಿರುವ ಪುಟ್ಟ ಕಡ್ಡಿಯನ್ನು ಮುಟ್ಟದೆ ಒಂದು ನಿಮಿಷ ಸುಮ್ಮನೆ ನೋಡಬೇಕೆಂದೂ ಹೇಳಿದ್ದೇನೆ. ಆ ಕಡ್ಡಿ ಸವೆಯುವುದು ಈ ಯಂತ್ರದ ಹೆಸರಾಂತ ಕಾಯಿಲೆ. ಪರದೆಯೊಳಗಿನ ಮನುಷ್ಯ ತಾನಾಗಿ ನಡೆಯತೊಡಗಿದರೆ, ಅದನ್ನು ಅಲ್ಲಿಯೇ ಬಿಟ್ಟು ಬೇರೆಯದನ್ನು ಕೇಳಬೇಕು.